ಮೀಸೆ ಇದ್ದ ಕಪ್ಪೆ

ಕೋಗಿಲೆಗೆ ಕೂಗುವುದನ್ನು ಕಲಿಸಿದವನು ನಾನೇ ಸ್ವಾಮಿ. ಅದಕ್ಕೆ ಮುಂಚೆ ಅದು ಕಾಗೆಯ ಹಾಗೆ ಕರಕರ ಅನ್ನುತ್ತಿತ್ತು. ಒಂದು ಚೈತ್ರ ಪೂರ್ತಿ ಎದುರಿಗೆ ಕೂರಿಸಿಕೊಂಡು, ಬಾಯಿಗೆ ಕಲ್ಲುಸಕ್ಕರೆ ಹಾಕಿ ಸ್ವರ ತಿದ್ದಿದೆ.

ಸುಳ್ಳು. ಕೋಗಿಲೆಯೇ ನನಗೆ ಕಲಿಸಿದ್ದು, ಅದೂ ಅರ್ಧಕ್ಕೆ ಬಿಟ್ಟು ಹಾರಿಹೋಯಿತು. ಆದರೆ ಒಂದು ಇಡೀ ಊರನ್ನು, ಆರು ವರ್ಷ ಕಾಲ, ಕಾಡು ಬದುಕಿದೆ ಎಂದು ನಂಬಿಸಿದವನು ನಾನು. ಇದರಲ್ಲಿ ಸುಳ್ಳಿಲ್ಲ. ಇದ್ದರೂ ಊಟಕ್ಕೆ ಉಪ್ಪಿನಕಾಯಿಯಷ್ಟು.

ಕಾಲು ಸ್ವಲ್ಪ ಆಚೆ ಇಡಿ. ಈ ಡಬ್ಬಿಗೆ ತಾಗಿಸಬೇಡಿ. ಮುಚ್ಚಳಕ್ಕೆ ಯಾಕೆ ತೂತು ಕೊರೆದಿದೆ, ಒಳಗೆ ಯಾಕೆ ಒದ್ದೆ ಬಟ್ಟೆ ಇದೆ, ಎಲ್ಲ ಹೇಳುತ್ತೇನೆ. ಮೊದಲು ಚಹಾ ಬರಲಿ.

ಆ ಊರಿಗೆ ಹೆಸರಿತ್ತು, ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ. ಹೋದರೆ ಅವರು ಮರ್ಯಾದೆಯಿಂದ ಕೂರಿಸಿ ಬಿಸಿನೀರು ಕೊಡುತ್ತಾರೆ. ಬರೀ ಬಿಸಿನೀರು.

ಊರಿನಲ್ಲಿ ನಲವತ್ತೆರಡು ಮನೆ. ಒಂದೊಂದು ಮನೆಗೆ ಕಾಡಿನ ಒಂದೊಂದು ಜೀವ. ಕಪ್ಪೆಮನೆ, ಗೂಬೆಮನೆ, ಮಿಂಚುಳ್ಳಿಮನೆ, ನರಿಮನೆ, ಜೇನುಮನೆ, ಜೀರುಂಡೆಮನೆ. ಮರಗಳಿಗೂ ಮನೆಯಿತ್ತು, ಅರಳಿಮನೆಯವರ ಜೀವ ಕಾಡಂಚಿನ ಅರಳಿಮರ, ಅದರ ಮಾತು ಎಲೆಯ ಪಟಪಟ. ಬೆಳಗಾಗುವ ಹೊತ್ತಿಗೆ ಊರೆಲ್ಲ ಎದ್ದು, ಮುಖ ತೊಳೆದು, ಕಾಡಿನ ಅಂಚಿಗೆ ಬಂದು ಸಾಲಾಗಿ ನಿಲ್ಲುತ್ತಿತ್ತು. ಕಾಡಿಗೆ ಬೆನ್ನು, ಊರಿಗೆ ಮುಖ. ಸಾಲಿನ ಮುಂದೆ ಒಂದು ಚಪ್ಪಡಿ ಕಲ್ಲು. ಕಲ್ಲಿನ ಮೇಲೆ ಹಾಜರಿಯಜ್ಜಿ, ಕೋಲೂರಿಕೊಂಡು, ಕಣ್ಣು ಮುಚ್ಚಿಕೊಂಡು.

"ಕಪ್ಪೆ, ಇದ್ದೀಯಾ?" ಅನ್ನುತ್ತಿದ್ದಳು ಅಜ್ಜಿ.

ಕೆರೆಯ ಕಡೆಯಿಂದ ಬರುತ್ತಿತ್ತು: ವಟರ್, ವಟರ್.

"ಗೂಬೆ, ಇದ್ದೀಯಾ?"

ಪೊಟರೆಯಿಂದ ಬರುತ್ತಿತ್ತು: ಹೂಂ, ಹೂಂ.

ಹೀಗೆ ನಲವತ್ತೆರಡು ಕರೆ, ನಲವತ್ತೆರಡು ಉತ್ತರ. ಮಳೆಗಾಲವಲ್ಲದಾಗ ಕಪ್ಪೆ ಹೇಗೆ ಕೂಗುತ್ತದೆ ಅಂತ ಕೇಳಬೇಡಿ. ಅದು ಊರಿಗೂ ಕಾಡಿಗೂ ಇದ್ದ ಒಪ್ಪಂದ, ಒಪ್ಪಂದಕ್ಕೆ ಋತುವಿಲ್ಲ. ಉತ್ತರ ಬಂದ ಮನೆಯವರು ಹೋಗಿ ಒಲೆ ಹಚ್ಚಬಹುದು. ಮೂರು ಸಲ ಕರೆದರೂ ಉತ್ತರ ಬರದಿದ್ದರೆ ಅವತ್ತು ಆ ಮನೆಯ ಒಲೆ ತಣ್ಣಗೆ. ಕರೆಯದೆ ಒಲೆಯಿಲ್ಲ, ಉತ್ತರ ಬರದೆ ಉರಿಯಿಲ್ಲ. ಒಂದೇ ಮನೆ ಮೂರು ದಿನ ತಣ್ಣಗಿದ್ದರೆ ನಾಲ್ಕನೆಯ ದಿನ ಎಲ್ಲ ಮನೆಯ ಒಲೆಯೂ ತಣ್ಣಗೆ. ಆಗ ಊರಿಗೆ ಊರೇ ತಿರುಗಿ ನಿಂತು ಕಾಡಿನ ಒಳಗೆ ಹೋಗಬೇಕು, ಏನಾಗಿದೆ ನೋಡಬೇಕು, ಸರಿ ಮಾಡಿ ಬರಬೇಕು.

ಉಳಿದ ದಿನ ತಿರುಗಿ ನೋಡುವ ಹಾಗಿಲ್ಲ. ಯಾಕೆ ಅಂತ ಒಂದು ಸಲ ಅಜ್ಜಿಯನ್ನು ಕೇಳಿದ್ದೆ.

"ಕಣ್ಣಿಗೆ ಹಸಿವು ಜಾಸ್ತಿ ಕಣೋ," ಅಂದಳು. "ಕಂಡದ್ದೆಲ್ಲ ಬೇಕು ಅನ್ನುತ್ತೆ. ಕಿವಿಗೆ ಆ ಚಟ ಇಲ್ಲ."

ನಾನು ಆ ಊರಿನವನಲ್ಲ. ಒಂದು ಗಂಟು, ಒಂದು ಮೀಸೆ, ಇಷ್ಟು ಹೊತ್ತುಕೊಂಡು ಬಂದವನು. ನನಗೆ ಜೀವವಿಲ್ಲ ಅಂದರು. ಜೀವವಿಲ್ಲದವನಿಗೆ ಮನೆಯಿಲ್ಲ, ಮನೆಯಿಲ್ಲದವನಿಗೆ ಒಲೆಯಿಲ್ಲ, ಸಾಲಿನಲ್ಲಿ ಜಾಗವೂ ಇಲ್ಲ. ಆದರೆ ಮನುಷ್ಯನಿಗೆ ಅನ್ನ ಇಲ್ಲ ಅನ್ನಬಾರದಲ್ಲ. ವಾರಾನ್ನ ಅನ್ನುತ್ತಾರಲ್ಲ, ಹಾಗೆ ಮನೆ ಸುತ್ತುವ ಊಟ ಗೊತ್ತುಮಾಡಿದರು. ದಿನಕ್ಕೊಂದು ಮನೆ, ನಲವತ್ತೆರಡು ದಿನಕ್ಕೆ ಒಂದು ಸುತ್ತು. ಆ ದಿನದ ಮನೆಯ ಒಲೆ ತಣ್ಣಗಾದರೆ ನನ್ನ ಹೊಟ್ಟೆಯೂ ತಣ್ಣಗೆ. ಬೆಳಗಿನ ಹಾಜರಿಯ ಹೊತ್ತಿಗೆ ನಾನು ಸಾಲಿನ ಹಿಂದೆ, ಕಾಡಿನ ಮಗ್ಗುಲಲ್ಲಿ, ಒಂದು ಹುಣಸೆಮರದ ಮರೆಯಲ್ಲಿ ಕೂತಿರುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ನಲವತ್ತೆರಡು ಮನೆಯವರ ಬೆನ್ನು. ಬೆನ್ನುಗಳಾಚೆ ನಲವತ್ತೆರಡು ಅಡುಗೆಮನೆ. ನಾನೂ ಕಾಡಿಗೆ ಬೆನ್ನು ಹಾಕಿಯೇ ಕೂತಿದ್ದೆ ಸ್ವಾಮಿ. ನನಗೆ ಯಾವ ನಿಯಮವೂ ಇರಲಿಲ್ಲ. ಊಟ ಆ ಕಡೆ ಇತ್ತು, ಅಷ್ಟೇ.

ನಾನು ಬಂದ ವರ್ಷವೇ ಟಿಟ್ಟಿಭ ಹಕ್ಕಿ ಮೂರು ದಿನ ಉತ್ತರ ಕೊಡಲಿಲ್ಲ. ಟಿಟ್ಟಿಭಮನೆಯವರು ಮೂರು ದಿನ ಅವಲಕ್ಕಿ ನೆನೆಸಿಕೊಂಡು ತಿಂದರು. ಊರವರು ಹೊಗೆಯಿಲ್ಲದ ಅವರ ಮನೆಯ ಮಾಡನ್ನು ನೋಡಿ ನೋಡಿ ನಕ್ಕರು. ನಾಲ್ಕನೆಯ ದಿನ ತಮ್ಮ ಒಲೆಯೂ ತಣ್ಣಗಾದಾಗ ನಗು ನಿಂತಿತು; ಎಲ್ಲ ಕಾಡಿಗೆ ನಡೆದರು. ನೋಡಿದರೆ ಹೊಳೆದಂಡೆಯ ಮರಳಿನ ಮೇಲೆ, ಹಕ್ಕಿ ಮೊಟ್ಟೆಯಿಡುವಲ್ಲಿ, ಯಾರದೋ ಎಮ್ಮೆಗಳು ಮಲಗುತ್ತಿದ್ದವು. ಎಮ್ಮೆಗಳನ್ನು ಆಚೆ ಹೊಡೆದರು, ಮುಳ್ಳುಬೇಲಿ ಹಾಕಿದರು. ಐದನೆಯ ಬೆಳಗ್ಗೆ ಟಿಟ್ಟೀ ಟಿಟ್ಟೀ ಅಂತ ಉತ್ತರ ಬಂತು. ಅವತ್ತು ಆ ಮನೆಯಲ್ಲಿ ಪಾಯಸ. ನಾನು ಎರಡು ಸಲ ಬಡಿಸಿಕೊಂಡೆ.

ಅಂದರೆ ಆ ಊರು ಹೊಟ್ಟೆಯಿಂದ ಕೇಳಿಸಿಕೊಳ್ಳುತ್ತಿತ್ತು. ಇದು ನನಗೆ ಆಮೇಲೆ ಅರ್ಥವಾಯಿತು. ಆಗ ಅರ್ಥವಾಗಿದ್ದದ್ದು ಪಾಯಸ ಮಾತ್ರ.

ಬೇಸಿಗೆ ಆ ಊರಿಗೆ ನೆಂಟನ ಹಾಗೆ ಬಂದು ಹೋಗುತ್ತಿತ್ತು. ಜಗಲಿಯಲ್ಲಿ ಕೂತು, ನೀರು ಕುಡಿದು, ಮಾವಿನಹಣ್ಣು ತಿಂದು, ಮೊದಲ ಗುಡುಗಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿತ್ತು. ಒಂದು ವರ್ಷ ಗುಡುಗು ಬಂತು. ಬೇಸಿಗೆ ಏಳಲಿಲ್ಲ. ಮಳೆ ಬಾಗಿಲವರೆಗೆ ಬಂದು, ಜಗಲಿಯಲ್ಲಿ ಯಾರೋ ಕೂತಿದ್ದಾರೆ ಅಂತ ನೋಡಿ, ಹಾಗೇ ಹಿಂದಕ್ಕೆ ಹೋಯಿತು.

ಆ ವರ್ಷವೇ, ಒಂದು ಬೆಳಗ್ಗೆ, ಕಪ್ಪೆ ಉತ್ತರ ಕೊಡಲಿಲ್ಲ.

"ಕಪ್ಪೆ, ಇದ್ದೀಯಾ?"

ಏನೂ ಇಲ್ಲ.

ಅವತ್ತು ನನ್ನ ಊಟ ಕಪ್ಪೆಮನೆಯಲ್ಲಿ. ಕಪ್ಪೆಮನೆಯಾಕೆ ಗಂಡ ಸತ್ತವಳು, ನಾಲಿಗೆ ಚುರುಕು, ಕೈಯಡುಗೆ ಅದಕ್ಕಿಂತ ಚುರುಕು. ಹಿಂದಿನ ದಿನವೇ ಬೇಳೆ ಬೇಯಿಸಿ, ಬೆಲ್ಲ ಹಾಕಿ, ಹೂರಣ ರುಬ್ಬಿಟ್ಟಿದ್ದಳು. ಅವಳ ಮಗಳು ಹೆತ್ತು ಹನ್ನೊಂದನೆಯ ದಿನ. ಹೆಣ್ಣುಮಗು, ಪುಣ್ಯಾಹದ ಹೋಳಿಗೆ.

"ಕಪ್ಪೆ, ಇದ್ದೀಯಾ?"

ಸಾಲಿನಲ್ಲಿ ಕಪ್ಪೆಮನೆಯಾಕೆಯ ಬೆನ್ನು ನನಗೆ ಕಾಣುತ್ತಿತ್ತು. ಬೆನ್ನು ಬಿಗಿದುಕೊಂಡಿತ್ತು. ಒಲೆ ಹಚ್ಚದಿದ್ದರೆ ಬಾಣಂತಿಗೆ ಬಿಸಿನೀರಿಲ್ಲ, ಖಾರವಿಲ್ಲ, ಮಗುವಿಗೆ ಕಾಯಿಸಿದ ಎಣ್ಣೆಯಿಲ್ಲ, ಮೂರು ದಿನ. ಅವಳು ಬಾಣಂತಿಯನ್ನು ಯೋಚಿಸುತ್ತಿದ್ದಳು. ನಾನು ಹೂರಣವನ್ನು ಯೋಚಿಸುತ್ತಿದ್ದೆ. ಇಬ್ಬರ ಯೋಚನೆಯೂ ಒಂದೇ ಒಲೆಯ ಸುತ್ತ ತಿರುಗುತ್ತಿತ್ತು.

ಅಜ್ಜಿ ಮೂರನೆಯ ಸಲ ಬಾಯಿ ತೆರೆದಳು. "ಕಪ್ಪೆ, ಇದ್ದೀಯಾ?"

ನಾನು ಗಂಟಲು ಉಬ್ಬಿಸಿ, ನಾಲಿಗೆಯ ಬುಡ ಮೇಲೆತ್ತಿ ಅಂದೆ: ವಟರ್, ವಟರ್.

ಸಾಲಿಗೆ ಸಾಲೇ ಉಸಿರು ಬಿಟ್ಟಿತು. ಅಜ್ಜಿ ಹುಣಸೆಮರದ ಕಡೆಗೆ ತಲೆ ವಾಲಿಸಿದಳು. ಆಮೇಲೆ "ಗೂಬೆ, ಇದ್ದೀಯಾ?" ಅಂದಳು.

ಅವತ್ತು ಮಧ್ಯಾಹ್ನ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಾ ಕಪ್ಪೆಮನೆಯಾಕೆ, ನನ್ನ ಮುಖ ನೋಡದೆ, ಹೇಳಿದಳು: "ನಮ್ಮ ಕಪ್ಪೆಗೆ ನೆಗಡಿ ಅಂತ ಕಾಣುತ್ತೆ. ದನಿ ಮೂಗಿಂದ ಬರ್ತಿತ್ತು."

"ಹವಾ ಸರಿಯಿಲ್ಲ ಅಕ್ಕ," ಅಂದೆ.

"ಈಗೊಂದು ಸಲ ಕೂಗುತ್ತೇನೋ ನೋಡೋಣ." ಇನ್ನೊಂದು ಹೋಳಿಗೆ ಮಡಚಿ ನನ್ನ ಕೈಗೇ ಕೊಟ್ಟಳು. ನಾನು ಬಾಯಿಗೆ ತುರುಕಿದೆ. ಅವಳು ಕೆರೆಯ ಕಡೆ ಕಿವಿಯಿಟ್ಟು ಕೂತಳು. ನಾನು ಅಗಿಯುವಷ್ಟು ಹೊತ್ತೂ ಕೂತಳು. "ಬಾಯಿ ತುಂಬಿದ್ದಾಗ ಕಪ್ಪೆ ಕೂಗೋದಿಲ್ಲ, ಅಲ್ವೇನೋ?" ಅಂದಳು.

ಒಳಕೋಣೆಯಲ್ಲಿ ಮಗು ಅತ್ತಿತು, ಬಾಣಂತಿ ಏನೋ ಗುನುಗಿದಳು. ಕಪ್ಪೆಮನೆಯಾಕೆ ಎದ್ದು ಒಲೆಗೆ ಒಂದು ಸೌದೆ ಮುಂದೂಡಿದಳು.

"ಬಾಣಂತನ ಮುಗಿಯೋವರೆಗೆ ನೆಗಡಿಯಾದರೂ ಸರಿ, ಕೂಗಲಿ ತಮ್ಮ," ಅಂದಳು. "ಆಮೇಲೆ ಒಲೆ ಆರಿಸಿ ನಾನೇ ಎಲ್ಲರನ್ನೂ ಕರ್ಕೊಂಡು ಕೆರೆ ನೋಡಿ ಬರ್ತೀನಿ."

ಬಾಣಂತನ ಮುಗಿಯಿತು. ಮಗುವಿಗೆ ಹಲ್ಲು ಬರುವವರೆಗೆ ಅಂದಳು. ಹಲ್ಲು ಬಂತು. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ಊರವರು ಕೇಳಿದರೆ ಏನು ಹೇಳೋದು ಅಂದಳು. ಅದಕ್ಕೆ ನನ್ನ ಹತ್ತಿರ ಇದ್ದದ್ದು ವಟರ್ ಒಂದೇ.

ಬೇಸಿಗೆ ಜಗಲಿಯಿಂದ ಎದ್ದು ನಡುಮನೆಗೆ ಬಂತು.

ಒಂದು ಸಂಜೆ ಗೂಬೆಮನೆಯಾತ ಒಂದು ಬಟ್ಟಲು ಕೋಸಂಬರಿ ಹಿಡಿದು ಹುಣಸೆಮರದ ಹತ್ತಿರ ಬಂದ. ಧಡೂತಿ ಆಳು, ಯಾವಾಗಲೂ ಬೇರೆಯವರ ಮನೆಯ ಸುದ್ದಿ ಹೇಳುವವನು.

"ನಿನಗೆ ದನಿ ಮಾಡೋಕೆ ಬರುತ್ತಂತೆ ಮಾರಾಯ," ಅಂದ.

"ಯಾರು ಹೇಳಿದ್ದು ಅಣ್ಣ?"

"ಯಾರೂ ಹೇಳಿಲ್ಲ. ಸುತ್ತು ಮುಗಿಯೋ ಮುಂಚೆ ಕಪ್ಪೆಮನೆಯಲ್ಲಿ ನಾಲ್ಕು ಸಲ ಉಂಡಿದ್ದೀಯ. ಆಕೆ ಅಷ್ಟು ಧಾರಾಳಿಯಲ್ಲ." ಕೋಸಂಬರಿ ನನ್ನ ಮುಂದೆ ಇಟ್ಟ. "ನಮ್ಮದು ಬೇರೆ ವಿಷಯ, ತಿಳ್ಕೊ. ನಮ್ಮ ಗೂಬೆ ಹೋಗಿಲ್ಲ. ಪೊಟರೆ ಇದ್ದ ಮರ ಒಣಗಿತಲ್ಲ, ಅದಕ್ಕೆ ಸ್ವಲ್ಪ ಬೇಜಾರಾಗಿ ಕೂತಿದೆ. ನಾಲ್ಕು ದಿನ ನೀನು ನೋಡ್ಕೊ."

ಆಮೇಲೆ ಮಿಂಚುಳ್ಳಿಮನೆಯಾಕೆ ಬಂದಳು. ಅವಳ ಮಿಂಚುಳ್ಳಿ ನೆಂಟರ ಮನೆಗೆ ಹೋಗಿತ್ತಂತೆ. ನರಿಮನೆಯವನ ನರಿಗೆ ವಯಸ್ಸಾಗಿತ್ತಂತೆ, ಕೂಗಿದರೂ ದೂರಕ್ಕೆ ಕೇಳುವುದಿಲ್ಲವಂತೆ. ಜೇನುಮನೆಯಾತ ಖಾಲಿ ಬಟ್ಟಲು ಹಿಡಿದು ಬಂದು ಮುಂದೆ ನಿಂತ. ಅದರ ತಳದಲ್ಲಿ ಹೋದ ವರ್ಷದ ಜೇನು ಒಣಗಿ ಅಂಟಿತ್ತು. ಅದನ್ನೇ ನೆಕ್ಕಿದೆ. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬರುತ್ತಿದ್ದರು. ಒಬ್ಬೊಬ್ಬರೂ ತಮ್ಮ ಮನೆಯದೊಂದೇ ಎಂದುಕೊಂಡಿದ್ದರು. ಉಳಿದ ನಲವತ್ತೊಂದು ಉತ್ತರ ಕಾಡಿನದೇ ಎಂದು ಒಬ್ಬೊಬ್ಬರೂ ನಂಬಿದ್ದರು. ನಂಬಿಕೆ ನನ್ನ ಗಂಟಲಿನಷ್ಟೇ ಗಟ್ಟಿಯಾಗಿತ್ತು.

ಹೆಮ್ಮೆ ಅಂದರೆ ಹೆಮ್ಮೆ, ಸ್ವಾಮಿ. ಗೂಬೆಗೆ ಎರಡು ಅಂಗೈ ಬೊಗಸೆ ಮಾಡಿ ಊದುತ್ತಿದ್ದೆ. ಜೀರುಂಡೆಗೆ ಬಾಚಣಿಗೆಯ ಹಲ್ಲು. ಅರಳಿಮರಕ್ಕೆ ಒಣಗಿದ ಮುತ್ತುಗದ ಎಲೆ ನಾಲ್ಕು, ಬೆರಳ ಸಂದಿಯಲ್ಲಿ. ಕಷ್ಟವಾಗಿದ್ದದ್ದು ಜೇನಿನ ಗುಂಯ್. ತುಟಿ ಮುಚ್ಚಿ, ಹಲ್ಲಿನ ಸಂದಿಯಿಂದ ಉಸಿರು ಬಿಟ್ಟು, ಅದನ್ನು ಸಾವಿರ ಚೂರು ಮಾಡಬೇಕು. ಆರು ತಿಂಗಳು ಬೇಕಾಯಿತು. ಬಂದ ದಿನ ನನಗೇ ಒಂದು ಕ್ಷಣ ಹಿಂದೆ ಹೂವಿದೆ ಅನ್ನಿಸಿತು. ತಿರುಗಿ ನೋಡಲಿಲ್ಲ.

ಬೇಸಿಗೆ ನಡುಮನೆಯಿಂದ ಅಡುಗೆಮನೆಗೆ ಬಂತು.

ಮಾವು ಹೂ ಬಿಟ್ಟಿತು, ಕಾಯಿ ಕಚ್ಚಲಿಲ್ಲ. ಕುಂಬಳದ ಬಳ್ಳಿಯಲ್ಲಿ ಹಳದಿ ಹೂ ಅರಳಿ, ಬೆಳಗಿನಿಂದ ಸಂಜೆಯವರೆಗೆ ಯಾರನ್ನೋ ಕಾದು, ಮುದುಡಿ ಬಿತ್ತು. ಪೈರಿಗೆ ಹುಳ ಬಂತು, ತಿನ್ನುವವರಿಲ್ಲ. ಕಣಜಕ್ಕೆ ಇಲಿ ಬಂತು, ಹಿಡಿಯುವವರಿಲ್ಲ. ಊರವರು ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡರು.

"ಏನೋ ದೋಷ ಇರಬೇಕು," ಅಂದ ನರಿಮನೆಯವ.

"ಕಾಡಿನ ದೋಷ ಅಂತೂ ಅಲ್ಲ," ಅಂದ ಗೂಬೆಮನೆಯಾತ. "ಹಾಜರಿ ಪೂರ್ತಿ ಇದೆಯಲ್ಲ. ಒಂದು ದಿನ ಒಂದು ತಪ್ಪಿದೆಯಾ?"

"ತಪ್ಪಿಲ್ಲ," ಅಂದಳು ಮಿಂಚುಳ್ಳಿಮನೆಯಾಕೆ. "ನಮ್ಮಜ್ಜನ ಕಾಲದಲ್ಲೂ ಇಷ್ಟು ಸರಿಯಾಗಿ ಉತ್ತರ ಬರ್ತಿರಲಿಲ್ಲವಂತೆ."

ಹೌದಲ್ಲ. ನಿಜವಾದ ಕಾಡು ಆಗಾಗ ತಡಮಾಡುತ್ತದೆ, ಮುನಿಸಿಕೊಳ್ಳುತ್ತದೆ. ನಾನು ಒಂದು ದಿನವೂ ತಪ್ಪಿಸಲಿಲ್ಲ.

ಆ ಹೊತ್ತಿಗೆ ಕಪ್ಪೆಮನೆಯ ಮಗು ನಾಲ್ಕು ವರ್ಷದ್ದು. ತನ್ನ ಅಜ್ಜಿ ಕಪ್ಪೆಮನೆಯಾಕೆಯ ಸೆರಗು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಒಂದು ಬೆಳಗ್ಗೆ, ಮಕ್ಕಳು ಮಾಡುವ ಹಾಗೆ, ಅಜ್ಜಿಯ ಸೆರಗಿನ ಸಂದಿಯಿಂದ ಹಿಂದೆ ಇಣುಕಿದಳು. ನಾನು ಆಗಷ್ಟೇ ಗಂಟಲು ಉಬ್ಬಿಸಿ ವಟರ್ ಅಂದಿದ್ದೆ. ಅವಳೂ ನಾನೂ ಒಬ್ಬರನ್ನೊಬ್ಬರು ನೋಡಿದೆವು.

"ಅಜ್ಜೀ, ಕಪ್ಪೆಗೆ ಮೀಸೆ ಇದೆ," ಅಂದಳು, ಎಲ್ಲರಿಗೂ ಕೇಳುವ ಹಾಗೆ.

ಒಬ್ಬರಾದರೂ ತಿರುಗುತ್ತಾರೆ ಅಂದುಕೊಂಡೆ. ನಲವತ್ತೆರಡು ಮನೆಯ ಒಂದು ಬೆನ್ನೂ ಅಲುಗಲಿಲ್ಲ. ಆಮೇಲೆ ಗೂಬೆಮನೆಯಾತ ನಕ್ಕ. "ಇರಬಹುದು ಪುಟ್ಟಿ. ವಯಸ್ಸಾದ ಕಪ್ಪೆ, ಮೀಸೆ ಬಂದಿರುತ್ತೆ." ಎಲ್ಲರೂ ನಕ್ಕರು. ಹಾಜರಿಯಜ್ಜಿ ಕಲ್ಲಿನ ಮೇಲೆ ಕಣ್ಣು ಮುಚ್ಚಿಕೊಂಡೇ ಇದ್ದಳು.

ಒಂದು ವಾರಕ್ಕೆ ಊರಿನ ಗೋಡೆಗಳ ಮೇಲೆ ಮಕ್ಕಳು ಇದ್ದಿಲಿನಲ್ಲಿ ಕಪ್ಪೆ ಬರೆದರು, ಮೀಸೆಯ ಕಪ್ಪೆ. ಆಮೇಲೆ ಗೂಬೆ ಬರೆದರು, ಅದಕ್ಕೂ ಮೀಸೆ. ಮೀಸೆಯ ಮಿಂಚುಳ್ಳಿ, ಮೀಸೆಯ ಜೇನುಹುಳ, ಅರಳಿಮರದ ಕಾಂಡಕ್ಕೆ ಎರಡೂ ಕಡೆ ಹುರಿಮೀಸೆ. ದೊಡ್ಡವರು ನೋಡಿ ಮೆಚ್ಚಿದರು. ಅವರು ಕಡೆಯ ಸಲ ಕಪ್ಪೆ ನೋಡಿ ಎಷ್ಟು ದಿನವಾಗಿತ್ತೋ. ನನ್ನ ಮುಖ ಊರಿನ ಎಲ್ಲ ಗೋಡೆಯ ಮೇಲೂ ಇತ್ತು ಸ್ವಾಮಿ, ಬೇರೆ ಬೇರೆ ಮೈ ಹೊತ್ತುಕೊಂಡು. ನಾನು ಮೊದಲು ನಕ್ಕೆ. ಆಮೇಲೆ ಗೋಡೆಯ ಪಕ್ಕ ನಡೆಯುವುದನ್ನು ಬಿಟ್ಟೆ.

ಬೇಸಿಗೆ ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ, ಬಾವಿಗೆ ಇಳಿಯಿತು.

ಈಗ ನನ್ನ ಊಟದ ಸುತ್ತು ಹೀಗಾಯಿತು: ಬೆಳಗ್ಗೆ ನಲವತ್ತೆರಡು ಉತ್ತರ ಕೊಡುವುದು. ನಲವತ್ತೆರಡು ಒಲೆ ಹತ್ತುವುದು. ನಲವತ್ತೆರಡು ಹೊಗೆ ನೆಟ್ಟಗೆ ಮೇಲೇಳುವುದು, ಗಾಳಿಯೂ ಇರಲಿಲ್ಲ. ಒಲೆಯ ಮೇಲೆ ಪಾತ್ರೆ. ಪಾತ್ರೆಯಲ್ಲಿ ನೀರು. ನೀರಿನಲ್ಲಿ ಏನೂ ಇಲ್ಲ. ಆ ದಿನದ ಮನೆಯವರು ಮಣೆ ಹಾಕಿ, ಎಲೆ ಹಾಕಿ, ಕೈಗೆ ನೀರು ಕೊಟ್ಟು, ಲೋಟದಲ್ಲಿ ಬಿಸಿನೀರು ಇಡುತ್ತಿದ್ದರು. "ಸಾವಕಾಶವಾಗಿ ಊಟ ಮಾಡಿ," ಅನ್ನುತ್ತಿದ್ದರು. ನಾನು ಸಾವಕಾಶವಾಗಿ ಕುಡಿಯುತ್ತಿದ್ದೆ. ಯಾರೂ ದೂರಲಿಲ್ಲ. ಒಲೆ ಉರಿಯುತ್ತಿದೆಯಲ್ಲ, ಇನ್ನೇನು ಬೇಕು.

ಆರನೆಯ ವರ್ಷ ಹಾಜರಿಯಜ್ಜಿ ಕೋಲೂರಿಕೊಂಡು ಹುಣಸೆಮರದ ಹತ್ತಿರ ತಾನೇ ಬಂದಳು. ಬಂದು ನನ್ನ ಪಕ್ಕ ಕೂತಳು.

"ಕಪ್ಪೆಗೆ ಎರಡು ವಟರ್ ನಡುವೆ ಉಸಿರು ಎಳೆಯೋದು ಕೇಳಿಸೋದಿಲ್ಲ," ಅಂದಳು. "ನಿನ್ನದು ಕೇಳಿಸ್ತಿತ್ತು. ಮೊದಲನೇ ದಿನದಿಂದ."

"ಮತ್ತೆ ಯಾಕಜ್ಜಿ ಹೇಳಲಿಲ್ಲ?"

"ಕಪ್ಪೆಮನೆಯಲ್ಲಿ ಎಳೆಮಗು ಇತ್ತು." ಕೋಲನ್ನು ಮಡಿಲಿಗೆ ಎಳೆದುಕೊಂಡಳು. "ಅದು ಮೊದಲನೇ ವರ್ಷದ ಮಾತು. ಆಮೇಲಿನ ಐದು ವರ್ಷಕ್ಕೆ ನನ್ನ ಹತ್ತಿರ ಏನೂ ನೆವ ಇಲ್ಲ. ಕರೆದು ಕರೆದು, ಉತ್ತರ ಬರದ ಬೆಳಗು ಒಂದನ್ನ ಕೇಳೋ ಧೈರ್ಯ ಹೋಯ್ತು. ನೀನು ಕೆಟ್ಟವನು ಕಣೋ, ಆದರೆ ಹೊತ್ತಿಗೆ ಸರಿಯಾಗಿ ಉತ್ತರ ಕೊಡ್ತಿದ್ದೆ."

"ಈಗೇನು ಮಾಡೋದು?"

"ಮೂರು ದಿನ ಬಾಯಿ ಮುಚ್ಕೊಂಡಿರು. ಅಷ್ಟೇ. ಒಲೆ ಆರಲಿ. ಆರಿದರೆ ತಿರುಗ್ತಾರೆ. ತಿರುಗಿದರೆ ನೋಡ್ತಾರೆ. ಏನಾದರೂ ಉಳಿದಿದ್ದರೆ ಅಷ್ಟಾದರೂ ಉಳಿಯುತ್ತೆ. ಇನ್ನೊಂದು ಬೇಸಿಗೆಗೆ ನಾನಿರೋದಿಲ್ಲ. ಯಾರೂ ಇರೋದಿಲ್ಲ."

ಜೀವನದಲ್ಲಿ ಮೊದಲ ಸಲ ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟೆ. ಮರುದಿನ ಬೆಳಗ್ಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹುಣಸೆಮರದ ಮರೆಯಲ್ಲಿ ಕೂತೆ.

"ಕಪ್ಪೆ, ಇದ್ದೀಯಾ?"

ಏನೂ ಇಲ್ಲ. ನನ್ನ ದನಿ ಇಲ್ಲದ ಮೌನ ಹೇಗಿರುತ್ತದೆ ಎಂದು ಆರು ವರ್ಷದ ಮೇಲೆ ಕೇಳಿದೆ. ಬಾವಿಗೆ ಕಲ್ಲು ಹಾಕಿ, ಅದು ತಳ ಮುಟ್ಟುವ ಸದ್ದಿಗೆ ಕಾದ ಹಾಗೆ.

"ಕಪ್ಪೆ, ಇದ್ದೀಯಾ?"

ಬೆನ್ನುಗಳು ಬಿಗಿದವು. ಈಗ ತಿರುಗುತ್ತಾರೆ, ಅಂದುಕೊಂಡೆ. ನನ್ನನ್ನು ಹೊಡೆಯುತ್ತಾರೆ, ಹೊಡೆಯಲಿ.

"ಕಪ್ಪೆ, ಇದ್ದೀಯಾ?"

ಸಾಲಿನ ಒಳಗಿನಿಂದ, ಕಪ್ಪೆಮನೆಯಾಕೆಯ ಸೆರಗಿನ ಮಗ್ಗುಲಿನಿಂದ, ಒಂದು ಪುಟ್ಟ ದನಿ ಬಂತು: ವಟರ್, ವಟರ್. ಮೂಗಿನಿಂದ. ನೆಗಡಿಯಾದ ಹಾಗೆ. ನನ್ನದೇ ವಟರ್, ನನ್ನದೇ ಉಸಿರು.

ಮಗು ತನ್ನ ಅಜ್ಜಿಯ ಮುಖ ನೋಡಿತು, ಸರಿಯಾಯಿತಾ ಅನ್ನುವ ಹಾಗೆ. ಕಪ್ಪೆಮನೆಯಾಕೆ ಅದರ ತಲೆಯ ಮೇಲೆ ಕೈಯಿಟ್ಟಳು.

"ಗೂಬೆ, ಇದ್ದೀಯಾ?" ಅಂದಳು ಹಾಜರಿಯಜ್ಜಿ.

ಗೂಬೆಮನೆಯಾತ ಎರಡು ಅಂಗೈ ಬೊಗಸೆ ಮಾಡಿ ಊದಿದ. ಹೂಂ, ಹೂಂ. ಮಿಂಚುಳ್ಳಿಮನೆಯಾಕೆ ಶಿಳ್ಳೆ ಹಾಕಿದಳು. ನರಿಮನೆಯವ ಕತ್ತೆತ್ತಿ ಊಳಿಟ್ಟ. ಜೇನುಮನೆಯಾತ ಹಲ್ಲಿನ ಸಂದಿಯಿಂದ ಗುಂಯ್ ಅಂದ. ಮೊದಲ ಸಲಕ್ಕೆ ಚೆನ್ನಾಗಿಯೇ ಬಂತು. ಒಬ್ಬೊಬ್ಬರೂ ತಮ್ಮ ಕರೆಗೆ ತಾವೇ ಉತ್ತರ ಕೊಟ್ಟರು, ಕಾಡಿಗೆ ಬೆನ್ನು ಹಾಕಿ, ನೆಟ್ಟಗೆ ಮುಂದೆ ನೋಡುತ್ತಾ. ಆರು ವರ್ಷದಲ್ಲಿ ನನ್ನ ದನಿ ಎಲ್ಲರ ಬಾಯಿಗೂ ಹೋಗಿ ಕೂತಿತ್ತು. ನಲವತ್ತೆರಡೂ ಮುಗಿಯಿತು. ಎಲ್ಲರೂ ಮನೆಗೆ ಹೋಗಿ ಒಲೆ ಹಚ್ಚಿದರು. ನೀರು ಕುದಿಯಿತು.

ಅಜ್ಜಿ ಕೋಲನ್ನು ಕಲ್ಲಿನ ಮೇಲೆ ಅಡ್ಡ ಇಟ್ಟು, ಅದರ ಪಕ್ಕ ಮಲಗಿದಳು. ಮತ್ತೆ ಏಳಲಿಲ್ಲ.

ಆಗ ನಾನು ತಿರುಗಿದೆ ಸ್ವಾಮಿ. ಹೊಟ್ಟೆಪಾಡಿಗೆ ಆ ಕಡೆ ಇನ್ನೇನೂ ಉಳಿದಿರಲಿಲ್ಲ, ಅದಕ್ಕೇ ತಿರುಗಿದೆ, ದೊಡ್ಡ ಮನಸ್ಸಿನಿಂದಲ್ಲ. ಹಿಂದೆ ಕಾಡು ಇತ್ತು. ಅಂದರೆ ಕಾಡು ನಿಂತಿದ್ದ ಜಾಗ ಇತ್ತು. ಕಂಬಗಳ ಹಾಗೆ ಒಣಗಿದ ಮರ. ಅರಳಿಯಲ್ಲಿ ಒಂದೆಲೆಯಿಲ್ಲ. ನಾನು ಎಲೆ ಪಟಪಟ ಅನ್ನಿಸುತ್ತಿದ್ದಾಗಲೆಲ್ಲ ಅದು ನನ್ನ ಬೆನ್ನಿಗೇ ಹೀಗೆ ನಿಂತಿತ್ತು. ಬೇಸಿಗೆ ಅಲ್ಲೇ ಕೂತಿತ್ತು, ಮನೆಯ ಯಜಮಾನನ ಹಾಗೆ.

ಕೆರೆಯವರೆಗೆ ನಡೆದೆ. ಕೆರೆಗೆ ನೀರು ತರುವ ಒಂದು ಕಾಲುವೆಯಿತ್ತು, ಹಳ್ಳದಿಂದ. ಅದಕ್ಕೆ ಅಡ್ಡ ಒಂದು ಮತ್ತಿಮರ ಬಿದ್ದು, ಮಣ್ಣು ಕಸ ಸೇರಿ ಕಟ್ಟಿಕೊಂಡಿತ್ತು. ಬಿದ್ದು ಆರು ವರ್ಷವಾಗಿರಬೇಕು, ತೊಗಟೆಯೆಲ್ಲ ಪುಡಿ. ನಾಲ್ಕು ಜನಕ್ಕೆ ಅರ್ಧ ದಿನದ ಕೆಲಸ. ಹಳ್ಳದಲ್ಲಿ ಆಗ ನೀರಿತ್ತು. ನಾನು ಹೋಳಿಗೆ ತಿಂದ ದಿನ ಇತ್ತು.

ಈಗ ಹಳ್ಳವೂ ಇಲ್ಲ. ಕೆರೆಯ ನಡುವೆ, ಒಂದು ಬಂಡೆಯ ಬುಡದಲ್ಲಿ, ಅಂಗೈಯಷ್ಟು ಕೆಸರು ಉಳಿದಿತ್ತು. ಕೆಸರಿನಲ್ಲಿ ಎರಡು ಕಣ್ಣು. ನನ್ನ ಹೆಬ್ಬೆರಳಿನಷ್ಟು ಕಪ್ಪೆ. ಕೂಗುತ್ತಿರಲಿಲ್ಲ. ಕಿವಿಗೊಟ್ಟು ಕೂತ ಹಾಗಿತ್ತು. ಆರು ವರ್ಷ ತನ್ನ ಹೆಸರಿಗೆ ಬೇರೆ ಯಾರೋ ಉತ್ತರ ಕೊಡುವುದನ್ನು ಕೇಳಿಸಿಕೊಂಡು ಕೂತಿತ್ತೋ ಏನೋ.

ಪಂಚೆಯ ಚುಂಗು ಹರಿದು, ಉಗುಳಿನಲ್ಲಿ ಒದ್ದೆ ಮಾಡಿ, ಅದರಲ್ಲಿ ಸುತ್ತಿಕೊಂಡು ಕಪ್ಪೆಮನೆಗೆ ಓಡಿದೆ. ಕಪ್ಪೆಮನೆಯಾಕೆ ಒಲೆಯ ಮುಂದೆ ಇದ್ದಳು. ಮಗು ಪಕ್ಕದಲ್ಲಿ. ಮಗುವಿನ ತಾಯಿ ಗೋಡೆಗೆ ಒರಗಿ ಬಿಸಿನೀರು ಕುಡಿಯುತ್ತಿದ್ದಳು.

"ಅಕ್ಕ, ಸಿಕ್ಕಿತು," ಅಂದೆ. ಬಟ್ಟೆ ಬಿಚ್ಚಿ ನೆಲದ ಮೇಲೆ ಇಟ್ಟೆ.

ಕಪ್ಪೆಮನೆಯಾಕೆ ನೋಡಿದಳು. ಅವಳಿಗೆ ನಿಜವಾದ ಕಪ್ಪೆ ಗೊತ್ತು. ಚಿಕ್ಕವಳಿದ್ದಾಗ ಇದೇ ಕೆರೆಯಲ್ಲಿ ಕಾಲು ಇಳಿಬಿಟ್ಟು ಕೂತವಳು. ಅವಳ ಕೈ ಮುಂದೆ ಬಂತು.

ಮಗು ಬಗ್ಗಿ ನೋಡಿತು. "ಇದು ಕಪ್ಪೆ ಅಲ್ಲ," ಅಂದಿತು. "ಇದಕ್ಕೆ ಮೀಸೆ ಎಲ್ಲಿ?"

"ಇದೇ ಕಪ್ಪೆ ಪುಟ್ಟಿ. ಮೀಸೆ ನನ್ನದು."

"ಹಾಗಾದರೆ ಕೇಳೋಣ." ಮಗು ಮಂಡಿಯೂರಿ ಕೂತು, ಹಾಜರಿಯಜ್ಜಿಯ ಹಾಗೆ ಕಣ್ಣು ಮುಚ್ಚಿತು. "ಕಪ್ಪೆ, ಇದ್ದೀಯಾ?" ಮೂರು ಸಲ ಕೇಳಿತು. ಕಪ್ಪೆಯ ಗಂಟಲು ಮಿಡಿಯುತ್ತಿತ್ತು, ದನಿ ಬರಲಿಲ್ಲ. ಮಗು ಕಣ್ಣು ತೆರೆದು, ಮುಗಿಯಿತು ಅನ್ನುವ ಹಾಗೆ, ನನ್ನ ಕಡೆ ನೋಡಿತು. ಆಮೇಲೆ ತಾನೇ ವಟರ್ ವಟರ್ ಅಂದು, ಆಡಲು ಹೊರಗೆ ಹೋಯಿತು.

ಕಪ್ಪೆಮನೆಯಾಕೆಯ ಕೈ ಅರ್ಧದಲ್ಲೇ ನಿಂತಿತ್ತು.

"ಇದು ಕೂಗದಿದ್ದರೆ ಯಾರೂ ನಂಬೋದಿಲ್ಲ ತಮ್ಮ," ಅಂದಳು. "ನೀನು ಹೇಳಿದರಂತೂ ನಂಬೋದೇ ಇಲ್ಲ."

"ನೀನು ಹೇಳಕ್ಕ."

"ನಾನು ಹೇಳಿದರೆ, ಆರು ವರ್ಷ ಏನು ಮಾಡ್ತಿದ್ದೆ ಅಂತಾರೆ." ಎದ್ದಳು. ಅಟ್ಟದಿಂದ ಒಂದು ಡಬ್ಬಿ ತೆಗೆದಳು; ಪುಣ್ಯಾಹದ ದಿನ ಹೋಳಿಗೆ ತುಂಬಿಟ್ಟಿದ್ದ ಡಬ್ಬಿ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಳು. ತನ್ನ ಸೀರೆಯ ಅಂಚು ಹರಿದು, ಕೊಡದ ತಳದಲ್ಲಿದ್ದ ನೀರಿನಲ್ಲಿ ಅದ್ದಿ, ಒಳಗೆ ಹಾಸಿದಳು. ಕಪ್ಪೆಯನ್ನು ತಾನೇ ಎತ್ತಿ ಇಟ್ಟಳು. ಎರಡು ಬೆರಳಿನಿಂದ, ಎಳೆಮಗುವನ್ನು ಎತ್ತುವ ಹಾಗೆ.

"ನೆರಳಿರೋ ಕಡೆ ಹೋಗು," ಅಂದಳು. "ಅದು ಕೂಗಿದ ದಿನ ವಾಪಸ್ಸು ಬಾ. ನಿಜವಾಗಿ ಕೂಗಿದರೆ, ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೆ, ಅವರನ್ನೂ ಕರ್ಕೊಂಡು ಬಾ. ಈ ಒಲೆಗೆ ನಾನೇ ನೀರು ಹೊಯ್ತೀನಿ, ಎಲ್ಲರ ಮುಂದೆ. ಒಂದು ಒಲೆ ಆರಿದರೆ ಸಾಕು ತಮ್ಮ, ನಾಲ್ಕನೇ ದಿನ ತಿರುಗಲೇಬೇಕು. ಅಜ್ಜಿ ಹೋದರೂ ಕರೆಯೋಕೆ ಇನ್ನೊಬ್ಬರು ಕಲ್ಲು ಹತ್ತುತ್ತಾರೆ, ನಿಯಮ ಇನ್ನೂ ಇದೆ."

ಆಮೇಲೆ ನಾನು ಊರಿಂದ ಊರಿಗೆ ನೆರಳು ಹುಡುಕುತ್ತಾ ತಿರುಗುತ್ತಿದ್ದೇನೆ. ಬೇಸಿಗೆ ಹಿಂದೆಯೇ ಬರುತ್ತಿದೆ. ನಿನ್ನೆ ನಿಮ್ಮ ಊರ ಹೊರಗಿನ ಸೇತುವೆಯ ಮೇಲೆ ಕೂತಿತ್ತು. ದಿನಾ ಬೆಳಗ್ಗೆ ಡಬ್ಬಿಗೆ ಬಾಯಿಟ್ಟು ಕೇಳುತ್ತೇನೆ: ಕಪ್ಪೆ, ಇದ್ದೀಯಾ? ಉತ್ತರ ಕೊಡಲು ಗಂಟಲು ತುರಿಸುತ್ತದೆ. ನಾಲಿಗೆ ಕಚ್ಚಿಕೊಂಡಿರುತ್ತೇನೆ. ಚಹಾ ಆರುತ್ತಿದೆ, ತಾಳಿ, ಒಂದು ಗುಟುಕು ಕುಡಿಯುತ್ತೇನೆ.

ಕೇಳಿಸಿತಾ?

ಈಗ, ನಾನು ಲೋಟ ಎತ್ತಿದಾಗ. ನನ್ನನ್ನು ಹಾಗೆ ನೋಡಬೇಡಿ ಸ್ವಾಮಿ. ನನ್ನ ಬಾಯಿ ತುಂಬ ಚಹಾ ಇತ್ತು. ಕೆನ್ನೆ ಉಬ್ಬಿದ್ದು ನೀವೇ ನೋಡಿದಿರಿ, ನುಂಗಿದ್ದು ಆಮೇಲೆ. ಬಾಯಿ ತುಂಬಿದಾಗ ನಾನು ಏನೂ ಕೂಗಲಾರೆ, ಕಪ್ಪೆಮನೆಯಾಕೆಗೆ ಅದು ಚೆನ್ನಾಗಿ ಗೊತ್ತು. ನೀವು ಬಂದು ಅವಳಿಗೆ ಇಷ್ಟೇ ಹೇಳಬೇಕು: ಅವನ ಬಾಯಲ್ಲಿ ಚಹಾ ಇತ್ತು ಅಂತ. ದೂರವೇನಿಲ್ಲ. ಈಗ ಹೊರಟರೆ ನಾಳೆ ಬೆಳಗಿನ ಹಾಜರಿಯ ಹೊತ್ತಿಗೆ ಅಲ್ಲಿರುತ್ತೇವೆ.

ಏಳಿ. ಡಬ್ಬಿ ನಾನು ಹಿಡಿಯುತ್ತೇನೆ. ಚಹಾದ ದುಡ್ಡು ನೀವೇ ಕೊಟ್ಟುಬಿಡಿ. ನಾನು ಕೊಟ್ಟರೆ ಅದು ನನ್ನ ಚಹಾ ಆಗುತ್ತದೆ, ಆಮೇಲೆ ನನ್ನ ಚಹಾದ ಸಾಕ್ಷಿಯನ್ನು ಯಾರು ನಂಬುತ್ತಾರೆ?